ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಗೆ: ಅದಿರಿನ ದಾರಿಯನ್ನೂ ತೋರಿಸಿ

ಮಾನ್ಯ ಸಂಪಾದಕರೇ,

ರಜೆ ಬಂತೆಂದರೆ ಕೆಮ್ಮಣ್ಣುಗುಂಡಿ ರಸ್ತೆಯಲ್ಲಿ ವಾಹನಗಳ ಸಾಲು. ಬಂದವರು ಝಡ್ ಪಾಯಿಂಟ್‌ಗೆ ನಡೆಯುತ್ತಾರೆ, ಗುಲಾಬಿ ತೋಟದಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ, ಕಲ್ಲತ್ತಿಗಿರಿ ಜಲಪಾತದಲ್ಲಿ ನೆನೆದು ಊರಿಗೆ ಮರಳುತ್ತಾರೆ. ಹೆಸರಿನಲ್ಲೇ ಕೆಂಪು ಮಣ್ಣಿನ ಗುಂಡಿ ಇದೆ. ಅಲ್ಲಿಂದ ಅಗೆದದ್ದು ಏನು, ಅದು ಹೋದದ್ದೆಲ್ಲಿಗೆ ಎಂದು ಕೇಳುವವರು ಮಾತ್ರ ಕಡಿಮೆ. ಗಿರಿಧಾಮ, ಅದರ ಬುಡದ ತಣಿಗೆಬೈಲು, ಲಕ್ಕವಳ್ಳಿಯ ಕಾಡು, ಭದ್ರಾವತಿಯ ಕಾರ್ಖಾನೆ ಇವೆಲ್ಲ ಕಬ್ಬಿಣ ತೆಗೆಯುವ ಒಂದೇ ಕಸುಬಿನ ಬೇರೆ ಬೇರೆ ತುಂಡುಗಳು. ಪ್ರವಾಸೋದ್ಯಮ ಇಲಾಖೆ ಇವನ್ನು ಒಂದು ದಾರಿಯಾಗಿ ತೋರಿಸಬೇಕೆಂಬುದು ಈ ಪತ್ರದ ಬೇಡಿಕೆ.

ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಯೋಜನೆಯಾಗಿ, 1918ರಲ್ಲಿ ಕೆಲಸ ಆರಂಭಗೊಂಡ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಉತ್ಪಾದನೆ ಶುರುಮಾಡಿತು. ಮೈಸೂರು ಸೀಮೆಯಲ್ಲಿ ಅದಿರಿತ್ತು, ಸುಣ್ಣದ ಕಲ್ಲಿತ್ತು, ಕಲ್ಲಿದ್ದಲು ಇರಲಿಲ್ಲ. ಬಂಗಾಳ–ಬಿಹಾರದ ಕಡೆಯಿಂದ ತರಿಸಿದರೆ ಸಾಗಣೆಯ ಖರ್ಚೇ ಮೈಮೇಲೆ ಬರುತ್ತಿತ್ತು. ಹಾಗಾಗಿ ಇದ್ದಿಲಿನ ಕುಲುಮೆ ಕಟ್ಟಿದರು. ಸುತ್ತಲ ಕಾಡಿನ ಮರವನ್ನು ಗಾಳಿಯಾಡದ ಉಕ್ಕಿನ ಪಾತ್ರೆಗಳಲ್ಲಿ ಕಾಯಿಸಿದರೆ ಒಣಮರದ ತೂಕದಲ್ಲಿ ಹೆಚ್ಚುಕಡಿಮೆ ಕಾಲುಭಾಗ ಇದ್ದಿಲಾಗಿ ಉಳಿಯುತ್ತದೆ. ಉಳಿದದ್ದು ಹೊಗೆಯಾಗಿ ಹೋಗಬೇಕು. ಇಲ್ಲಿ ಆ ಹೊಗೆಯನ್ನೂ ಬಿಡದೆ ತಣಿಸಿ ಮರದ ಆಲ್ಕೋಹಾಲ್, ಟಾರು, ಅಸಿಟೇಟ್ ತೆಗೆದರು. ಕಾರ್ಖಾನೆಯ ಮೊದಲ ಹೆಸರಿನಲ್ಲಿ ಕಬ್ಬಿಣಕ್ಕಿಂತ ಮುಂಚೆ ಮರದ ಬಟ್ಟಿ ಇಳಿಸುವಿಕೆ ಬರುತ್ತಿದ್ದುದು ಇದಕ್ಕೇ. ಇದ್ದಿಲಿನಲ್ಲಿ ಗಂಧಕ ಕಡಿಮೆ, ಆದ್ದರಿಂದ ಕುಲುಮೆಯಿಂದ ಇಳಿಯುವ ಬೀಡು ಕಬ್ಬಿಣದ ಗುಣ ಚೆನ್ನ. ಆದರೆ ಇದ್ದಿಲು ಮೆದು, ಮೇಲಿನ ಭಾರಕ್ಕೆ ಪುಡಿಯಾಗಿ ಗಾಳಿಯ ದಾರಿ ಕಟ್ಟುತ್ತದೆ. ಕುಲುಮೆಯನ್ನು ಬೇಕಾದಷ್ಟು ಎತ್ತರಿಸಲು ಆಗುವುದಿಲ್ಲ. ಉಕ್ಕಿನ ತಯಾರಿಕೆ ಬಂದದ್ದು 1936ರಲ್ಲಿ, ವಿದ್ಯುತ್ ಕುಲುಮೆಗಳು ಇನ್ನೂ ಆಮೇಲೆ.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಕುಲುಮೆ ಬಂದ ಮೇಲೆ ಹುಟ್ಟಿದ ಹೆಸರೆಂದು ಹಲವರು ತಿಳಿದಿದ್ದಾರೆ, ಅದು ಕಾರ್ಖಾನೆಗಿಂತ ಹಳೆಯದು.

ಹೊರಡುವವರು ಅದಿರು ಇಳಿದ ಕ್ರಮದಲ್ಲೇ, ಮೇಲಿನಿಂದ ಕೆಳಕ್ಕೆ ನೋಡಬೇಕು. ಎರಡು ದಿನ ಸಾಕು. ಬೆಂಗಳೂರಿನಿಂದ ಶಿವಮೊಗ್ಗದ ರೈಲು ಹಿಡಿದು ಬೀರೂರು ಅಥವಾ ತರೀಕೆರೆಯಲ್ಲಿ ಇಳಿಯಿರಿ. ಬೀರೂರು ದಾಟಿದ ಮೇಲೆ ಎಡಗಡೆಯ ಕಿಟಕಿಯಲ್ಲಿ ಬಾಬಾಬುಡನ್ ಗಿರಿಸಾಲು ಕಾಣುತ್ತದೆ. ಎರಡೂ ಊರಿನಿಂದ ಲಿಂಗದಹಳ್ಳಿ, ಕಲ್ಲತ್ತಿಗಿರಿ ಮಾರ್ಗವಾಗಿ ಘಾಟಿ ಏರಬೇಕು. ಪೆಟ್ರೋಲು, ನಗದು, ಮಾತ್ರೆ ಎಲ್ಲವನ್ನೂ ಪೇಟೆಯಲ್ಲೇ ನೋಡಿಕೊಳ್ಳಿ. ಬಾಬಾಬುಡನ್‌ಗಿರಿ ಕಡೆಯಿಂದ ನಕ್ಷೆಯಲ್ಲಿ ಹತ್ತಿರವೆಂದು ಕಾಣುವ ಕಚ್ಚಾ ದಾರಿಯನ್ನು ಸಾಮಾನ್ಯ ಕಾರಿನವರು ನಂಬಬಾರದು. ಹೆಬ್ಬೆ ಜಲಪಾತಕ್ಕೆ ಸ್ವಂತ ವಾಹನ ಬಿಡುವುದಿಲ್ಲ, ಜೀಪಿನಲ್ಲೇ ಹೋಗಬೇಕು; ಮಳೆ ಜೋರಿದ್ದರೆ ಅದೂ ನಿಲ್ಲುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಇಂಬಳದ (ಜಿಗಣೆಯ) ಕಾಟ. ಕಚ್ಚಿದ್ದನ್ನು ಎಳೆದು ಕೀಳಬೇಡಿ, ಉಗುರಿನಿಂದ ಬಾಯಿಯ ಬುಡಕ್ಕೆ ಮೆಲ್ಲಗೆ ತಳ್ಳಿ ಬಿಡಿಸಿ. ಮಧ್ಯಾಹ್ನದ ಹೊತ್ತಿಗೆ ಮಂಜು ಕವಿದರೆ ಏನೂ ಕಾಣದು, ಬೆಳಿಗ್ಗೆಯೇ ಮೇಲಿರುವುದು ಮೇಲು.

ಇಳಿಯುವಾಗ ನಡೆಯುವ ತಪ್ಪು ಒಂದೇ: ನ್ಯೂಟ್ರಲ್‌ನಲ್ಲೋ ಮೇಲಿನ ಗೇರಿನಲ್ಲೋ ಬಿಟ್ಟು ಇಡೀ ಘಾಟಿ ಬ್ರೇಕ್ ಒತ್ತಿಕೊಂಡೇ ಬರುವುದು. ಬ್ರೇಕ್ ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಒಳಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡನೇ ಗೇರಿನಲ್ಲಿ ಎಂಜಿನ್ನಿಗೇ ಹಿಡಿತ ಕೊಡಿ. ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ. ಕಾದ ಡಿಸ್ಕಿಗೆ ನೀರು ಹುಯ್ದರೆ ಅದು ಸೊಟ್ಟಗಾಗುತ್ತದೆ ಇಲ್ಲವೆ ಬಿರಿಯುತ್ತದೆ.

ಕೆಮ್ಮಣ್ಣುಗುಂಡಿ ಸುಮಾರು 1,434 ಮೀಟರ್ ಎತ್ತರದಲ್ಲಿದೆ. ರಸ್ತೆ ಬದಿಯ ಧರೆಯಲ್ಲಿ ಬಿದ್ದ ಒಂದು ಕಲ್ಲನ್ನು ಎತ್ತಿ ನೋಡಿ. ಅಂಗೈಯಗಲದ್ದಾದರೂ ಅದೇ ಗಾತ್ರದ ಜಲ್ಲಿಗಿಂತ ಎಷ್ಟೋ ಭಾರ, ಕೈಗೆ ಕುಂಕುಮದಂಥ ಪುಡಿ. ಹೊಳಪು ಕೊಡದ ಟೈಲ್ಸಿನ ಹಿಂಬದಿಗೆ ಉಜ್ಜಿದಾಗ ಕೆಂಗಂದು ಗೀರು ಬಿದ್ದರೆ ಹೆಮಟೈಟ್, ಹಳದಿಗಂದು ಬಿದ್ದರೆ ಲಿಮೊನೈಟ್, ಕಪ್ಪಾದರೆ ಮ್ಯಾಗ್ನೆಟೈಟ್; ಮೂರೂ ಕಬ್ಬಿಣದ ಅದಿರುಗಳೇ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು. ನೋಡಿದ ಮೇಲೆ ಕಲ್ಲನ್ನು ಅಲ್ಲೇ ಇಡಿ, ಜೇಬಿಗಿಳಿಸಬೇಡಿ.

ಇಲ್ಲಿಂದ ಅದಿರು ರೋಪ್‌ವೇ ತೊಟ್ಟಿಗಳಲ್ಲಿ ತಣಿಗೆಬೈಲಿಗೆ ಇಳಿಯುತ್ತಿತ್ತು. ಇಂಥ ಇಳಿಜಾರಿನಲ್ಲಿ ತುಂಬಿದ ತೊಟ್ಟಿಯ ಭಾರವೇ ಖಾಲಿ ತೊಟ್ಟಿಯನ್ನು ಮೇಲೆಳೆಯಲು ನೆರವಾಗುತ್ತದೆ. ತಣಿಗೆಬೈಲಿನಿಂದ ಮುಂದಕ್ಕೆ ಪುಟ್ಟ ಟ್ರಾಮ್ ಹಳಿ ಅದನ್ನು ಭದ್ರಾವತಿಗೆ ಒಯ್ಯುತ್ತಿತ್ತು. ಕುಲುಮೆಗೆ ಮರ ಕೊಟ್ಟ ಸೀಮೆಯಲ್ಲೇ ಇಂದು ಭದ್ರಾ ಅಭಯಾರಣ್ಯವಿದೆ. 1998ರಲ್ಲಿ ಅದು ಹುಲಿ ಯೋಜನೆಗೆ ಸೇರಿತು. ಲಕ್ಕವಳ್ಳಿಯ ಸಫಾರಿಗೆ ಮೊದಲೇ ಕಾಯ್ದಿರಿಸಿ. ಬೇಸಿಗೆಯಲ್ಲಿ ಜಲಾಶಯ ಇಳಿದು ನಡುಗಡ್ಡೆಗಳು ಎದ್ದಾಗ ಅಲ್ಲಿ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆಯಿಡುತ್ತವೆ. ಆಗ ದೋಣಿ ತೀರಾ ಹತ್ತಿರ ಹೋದರೆ ತಾಯಿಹಕ್ಕಿ ಎದ್ದು, ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ಹತ್ತಿರ ಒಯ್ಯಿರೆಂದು ದೋಣಿಯವರನ್ನು ಒತ್ತಾಯಿಸಬೇಡಿ.

ತರೀಕೆರೆ ಬಳಿಯ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಾಲಯವಿದೆ, ದಾರಿಯಲ್ಲಿ ಬಿಡಬಾರದ್ದು. ಚಳಿಗಾಲದಲ್ಲಿ ಹೋದರೆ ಅಂಗಳದ ತುಂಬ ಬೇಯಿಸಿದ ಕೆಂಪಡಿಕೆ ಒಣಗುತ್ತಿರುತ್ತದೆ. ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ಅಡಿಕೆಯ ಬಗೆಗಳ ಹೆಸರುಗಳು ಶಿವಮೊಗ್ಗ ಮಾರುಕಟ್ಟೆಯ ದರಪಟ್ಟಿಯಲ್ಲಷ್ಟೇ ಅಲ್ಲ, ಈ ಪೇಟೆಗಳ ಚಹಾ ಅಂಗಡಿಯಲ್ಲೂ ಕೇಳುತ್ತವೆ.

ಕೊನೆಗೆ ಭದ್ರಾವತಿ. ಇಲ್ಲಿ ಗೇಟಿನ ಹೊರಗೆ ನಿಂತು ಫೋಟೊ ತೆಗೆದು ಹೋಗುವುದೇ ಆಗುತ್ತಿದೆ. ಕಾರ್ಖಾನೆಗೆ ಪೂರ್ವಾನುಮತಿ ಬೇಕು, ಅದು ಸರಿಯೇ. ಬಿಸಿ ಲೋಹ, ಕ್ರೇನು ಇರುವ ಜಾಗ. 2023ರ ಜನವರಿಯಲ್ಲಿ ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು, ಅದೇ ವರ್ಷ ಕೆಲಸ ಭಾಗಶಃ ಮತ್ತೆ ಶುರುವಾಯಿತು. ಉಕ್ಕಿನ ಭವಿಷ್ಯ ಏನೇ ಆಗಲಿ, ಹಳೆಯ ಯಂತ್ರ, ನಕ್ಷೆ, ಪಟಗಳು ಗುಜರಿಗೆ ಹೋಗುವ ಮುನ್ನ ಪಟ್ಟಿಯಾಗಬೇಕು. ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲ್‌ನಲ್ಲಿ 1709ರಲ್ಲಿ ಇದ್ದಿಲು ಬಿಟ್ಟು ಕಲ್ಲಿದ್ದಲಿನಿಂದ ಮಾಡಿದ ಕೋಕ್ ಬಳಸಿ ಕಬ್ಬಿಣ ಕರಗಿಸಿದ ಕುಲುಮೆಯನ್ನು ಸೂರು ಕಟ್ಟಿ ಉಳಿಸಿದ್ದಾರೆ, ಸುತ್ತಲ ಐರನ್‌ಬ್ರಿಜ್ ಕಣಿವೆ 1986ರಲ್ಲಿ ವಿಶ್ವಪರಂಪರೆಯ ತಾಣವಾಯಿತು. ಆ ಕೋಕ್ ಕುಲುಮೆ ಉರಿದು ಇನ್ನೂರು ವರ್ಷದ ಮೇಲೆ ಕಲ್ಲಿದ್ದಲಿಲ್ಲದ ನಾಡೊಂದು ಇದ್ದಿಲಿನಿಂದಲೇ ಆಧುನಿಕ ಕಾರ್ಖಾನೆ ನಡೆಸಿದ್ದು ಅದಕ್ಕೇನೂ ಕಡಿಮೆಯ ಸಂಗತಿಯಲ್ಲ.

ಮೊದಲಿಗೆ ಬೇಕಾದದ್ದು ಇಷ್ಟು: ಕೆಮ್ಮಣ್ಣುಗುಂಡಿ, ತಣಿಗೆಬೈಲು, ಭದ್ರಾವತಿ ರೈಲು ನಿಲ್ದಾಣ ಈ ಮೂರು ಕಡೆ ಒಂದೇ ನಕ್ಷೆಯ ಕನ್ನಡ ಫಲಕ; ತಿಂಗಳಿಗೊಂದು ದಿನ, ಮುಂಚೆ ಹೆಸರು ಕೊಟ್ಟವರಿಗೆ, ಕಾರ್ಖಾನೆಯ ಹಳೆಯ ಭಾಗದ ದರ್ಶನ. ಅಲ್ಲಿ ದುಡಿದು ನಿವೃತ್ತರಾದವರು ಊರಿನಲ್ಲೇ ಇದ್ದಾರೆ. ತೋರಿಸಿ ವಿವರಿಸುವ ಕೆಲಸವನ್ನು ಸಂಭಾವನೆ ಕೊಟ್ಟು ಅವರಿಗೇ ವಹಿಸಲಿ.

– ಕೈಗಾರಿಕಾ ಪರಂಪರೆಯ ಆಸಕ್ತರು, ತರೀಕೆರೆ