ಕೂತರೆ ನೋಯುತ್ತದೆಯೇ ಅಂತ ಯಾರೂ ಕೇಳಲಿಲ್ಲ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ಈ ಪತ್ರವನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ. ಕೂತರೆ ಹತ್ತು ನಿಮಿಷಕ್ಕೆ ಉರಿ ಶುರುವಾಗುತ್ತದೆ. ಅರ್ಧ ಗಂಟೆ ದಾಟಿದರೆ ತಲೆ ಓಡುವುದಿಲ್ಲ.

ಎಲ್ಲಿ ಉರಿ ಅಂತ ಬಾಯಿಬಿಟ್ಟು ಹೇಳಲು ನನಗೆ ಎರಡು ವರ್ಷ ಬೇಕಾಯಿತು. ಮೊದಮೊದಲು "ಕೆಳಗಡೆ ನೋವು" ಅನ್ನುತ್ತಿದ್ದೆ. ಡಾಕ್ಟರು ಚೀಟಿಯಲ್ಲಿ "ಕಿಬ್ಬೊಟ್ಟೆ ನೋವು" ಅಂತ ಬರೆದರು. ಆ ಒಂದು ಪದದ ಹಿಂದೆ ಎಷ್ಟು ಸ್ಕ್ಯಾನಿಂಗ್ ಆಯಿತೋ! ಎಲ್ಲವೂ ಹೊಟ್ಟೆಯದ್ದೇ. ನೋವಿದ್ದದ್ದು ಹೊಟ್ಟೆಯಲ್ಲಿ ಅಲ್ಲವೇ ಅಲ್ಲ. ಯೋನಿಯಿಂದ ಗುದದವರೆಗಿನ ಜಾಗದಲ್ಲಿ, ಎಡಗಡೆ ಜಾಸ್ತಿ. ಸುಟ್ಟ ಗಾಯಕ್ಕೆ ಬಟ್ಟೆ ಉಜ್ಜಿದ ಹಾಗೆ. ಕೆಲವು ದಿನ ಒಳಗೆ ಒಂದು ಚೆಂಡು ಸಿಕ್ಕಿಕೊಂಡಿದೆಯೇನೋ ಅನ್ನಿಸುತ್ತದೆ. ನಾಚಿಕೆ ನನ್ನದು, ಒಪ್ಪುತ್ತೇನೆ. ಆದರೆ ಎದುರಿಗೆ ಕೂತವರೂ ಬಿಡಿಸಿ ಕೇಳಲಿಲ್ಲ.

ಸ್ತ್ರೀರೋಗ ವಿಭಾಗದಲ್ಲಿ ಗರ್ಭಕೋಶ ಚೆನ್ನಾಗಿದೆ ಅಂದರು. ಮೂತ್ರದ ಸೋಂಕು ಅಂತ ಆಂಟಿಬಯೋಟಿಕ್ ಕೊಟ್ಟರು. ಕಲ್ಚರ್ ರಿಪೋರ್ಟಿನಲ್ಲಿ ಸೋಂಕು ಇಲ್ಲ ಅಂತ ಬಂದ ಮೇಲೂ ಕೊಟ್ಟರು. ಒಬ್ಬರು ಪೈಲ್ಸ್ ಅಂದರು. ಇನ್ನೊಬ್ಬರು ಹೊಟ್ಟೆಗೆ ತೂತು ಹಾಕಿ ಲ್ಯಾಪರೋಸ್ಕೋಪಿ ಮಾಡಿ, "ಒಳಗೆಲ್ಲ ಕ್ಲೀನ್ ಇದೆ, ಖುಷಿಪಡಿ" ಅಂದರು. ಖುಷಿಪಡಲು ಪ್ರಯತ್ನಿಸಿದೆ. ಕೊನೆಗೆ ಮನೋವೈದ್ಯರ ಹತ್ತಿರ ಕಳಿಸಿದರು.

ವಿಚಿತ್ರ ಅಂದರೆ, ಸರಿಯಾದ ಪ್ರಶ್ನೆ ಕೇಳಿದ್ದು ಅವರೇ. ನಾನು ಅವರ ಕೋಣೆಯಲ್ಲಿ ಗೋಡೆಗೆ ಒರಗಿ ನಿಂತಿದ್ದೆ. "ಯಾಕಮ್ಮಾ ಕೂರುತ್ತಿಲ್ಲ?" ಅಂದರು. ಕೂತರೆ ನೋವು ಅಂದೆ. ಮಲಗಿದರೆ? ಕಮ್ಮಿ. ರಾತ್ರಿ ನೋವಿಗೆ ಎಚ್ಚರ ಆಗುತ್ತದೆಯೇ? ಇಲ್ಲ. ಕಮೋಡಿನ ಮೇಲೆ ಕೂತಾಗ? ಅಲ್ಲಿ ಅಷ್ಟಿಲ್ಲ ಅಂದೆ, ನನಗೇ ಆಶ್ಚರ್ಯವಾಯಿತು. "ಇದು ನರದ ನೋವು ಇರಬಹುದು, ಮನಸ್ಸಿನದ್ದಲ್ಲ" ಅಂದು ನೋವಿನ ತಜ್ಞರಿಗೆ ಬರೆದುಕೊಟ್ಟರು. ಪೂರ್ತಿ ಐದು ನಿಮಿಷವೂ ಆಗಿರಲಿಲ್ಲ.

ಆ ನರದ ಹೆಸರು ಪ್ಯುಡೆಂಡಲ್. ಬೆನ್ನುಮೂಳೆಯ ಬುಡದಿಂದ ಹೊರಟು, ಮೂಳೆಗಳನ್ನು ಕಟ್ಟಿಹಿಡಿಯುವ ಎರಡು ಗಟ್ಟಿ ಅಸ್ಥಿರಜ್ಜುಗಳ ನಡುವೆ ನುಸುಳಿ, ಆಲ್ಕಾಕ್ ಕಾಲುವೆ ಅನ್ನುವ ಇಕ್ಕಟ್ಟಿನ ದಾರಿಯಲ್ಲಿ ಹಾದುಹೋಗುತ್ತದೆ. ಆಮೇಲೆ ಕವಲೊಡೆದು ಗುದಕ್ಕೆ, ಯೋನಿಯ ಸುತ್ತಲಿನ ಜಾಗಕ್ಕೆ, ಚಂದ್ರನಾಡಿಗೆ (ಕ್ಲಿಟೋರಿಸ್) ಹೋಗುತ್ತದೆ. ಆ ದಾರಿಯಲ್ಲಿ ಎಲ್ಲಾದರೂ ನರ ಒತ್ತಿದರೆ, ಎಳೆದರೆ, ಕೆರಳಿದರೆ ಅಷ್ಟೂ ಜಾಗ ಉರಿಯುತ್ತದೆ. ಕಷ್ಟದ ಹೆರಿಗೆ, ಅಲ್ಲಿನ ಶಸ್ತ್ರಚಿಕಿತ್ಸೆ, ಜೋರಾಗಿ ಕುಕ್ಕರಿಸಿ ಬೀಳುವುದು, ವರ್ಷಗಟ್ಟಲೆ ತಿಣುಕಬೇಕಾದ ಮಲಬದ್ಧತೆ, ಸೈಕಲ್ ಸವಾರಿ, ದಿನವಿಡೀ ಕೂತು ಮಾಡುವ ಕೆಲಸ ಇವೆಲ್ಲ ಕಾರಣ ಆಗಬಹುದು. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಕೂತಾಗ ಹೆಚ್ಚುವುದು ಯಾಕೆ ಅಂದರೆ, ಕೂತಾಗ ನರದ ಆ ಇಕ್ಕಟ್ಟಿನ ದಾರಿಯ ಮೇಲೆ ಒತ್ತಡ ಬೀಳುತ್ತದೆ. ಕಮೋಡಿನ ಸೀಟಿನ ನಡುವೆ ಖಾಲಿ ಜಾಗ ಇರುವುದರಿಂದ ಅಲ್ಲಿ ಅಷ್ಟು ಒತ್ತುವುದಿಲ್ಲ.

ಇದೇನೂ ಯಾರಿಗೂ ಗೊತ್ತಿಲ್ಲದ ವಿಷಯವಲ್ಲ ಸಾರ್. ಫ್ರಾನ್ಸಿನ ನಾಂತ್ ನಗರದ ವೈದ್ಯರ ತಂಡ 2008ರಲ್ಲಿ ಈ ರೋಗವನ್ನು, ಅಂದರೆ ಪ್ಯುಡೆಂಡಲ್ ನರದ ನೋವನ್ನು, ಗುರುತಿಸಲು ಐದು ಮುಖ್ಯ ಮಾನದಂಡಗಳನ್ನು ಪ್ರಕಟಿಸಿದೆ. ಈ ನರದ ಹರವಿನಲ್ಲೇ ನೋವಿರಬೇಕು. ಕೂತರೆ ಹೆಚ್ಚಬೇಕು. ನೋವು ರಾತ್ರಿ ನಿದ್ದೆಯಿಂದ ಎಬ್ಬಿಸಬಾರದು. ಪರೀಕ್ಷೆ ಮಾಡಿದಾಗ ಸ್ಪರ್ಶ ಮರಗಟ್ಟಿರಬಾರದು. ನರದ ಬಳಿ ಅರಿವಳಿಕೆ ಚುಚ್ಚಿದಾಗ ನೋವು ಇಳಿಯಬೇಕು. ನೋಡಿ, ಐದರಲ್ಲಿ ಮೂರಕ್ಕೆ ಮಾತಾಡಿಸಿದರೆ ಸಾಕು. ಎಂಆರ್‌ಐ ಬೇಕಾಗುವುದು ಮುಖ್ಯವಾಗಿ ಗಡ್ಡೆಯಂಥ ಬೇರೆ ಕಾರಣ ಇಲ್ಲ ಅಂತ ಖಚಿತ ಮಾಡಿಕೊಳ್ಳಲು. ಅದು ನಾರ್ಮಲ್ ಬಂತು ಅಂದರೆ ನೋವೇ ಇಲ್ಲ ಅಂತ ಅಲ್ಲ. ಈ ಮಾತನ್ನು ಮನೆಯವರಿಗೆ ಅರ್ಥ ಮಾಡಿಸುವುದು ಎಷ್ಟು ಕಷ್ಟ ಗೊತ್ತಾ? ರಿಪೋರ್ಟ್ ಚೆನ್ನಾಗಿ ಬಂದಷ್ಟೂ ನನ್ನ ಮೇಲಿನ ನಂಬಿಕೆ ಕಮ್ಮಿಯಾಗುತ್ತಾ ಹೋಯಿತು. ಸಂಸಾರದ ವಿಷಯ ಇಲ್ಲಿ ಬರೆಯುವುದಿಲ್ಲ. ಮುಟ್ಟಿದರೆ ಉರಿಯುವ ಜಾಗ ಯಾವುದು ಅಂತ ಹೇಳಿದ್ದೇನಲ್ಲ, ಉಳಿದದ್ದು ನಿಮಗೆ ಅರ್ಥವಾಗುತ್ತದೆ.

ಚಿಕಿತ್ಸೆಯೂ ಇದೆ. ಮಂತ್ರ ಹಾಕಿದ ಹಾಗೆ ಮಾಯವಾಗುವುದಿಲ್ಲ, ಆದರೆ ಬದುಕು ನಡೆಸುವಷ್ಟು ಇಳಿಯುತ್ತದೆ. ಅಮಿಟ್ರಿಪ್ಟಿಲಿನ್, ಗ್ಯಾಬಾಪೆಂಟಿನ್ ಥರದ ನರದ ನೋವಿನ ಮಾತ್ರೆಗಳಿವೆ. ಮೊದಲನೆಯದನ್ನು ಖಿನ್ನತೆಗೂ ಕೊಡುತ್ತಾರೆ. ಔಷಧಿ ಅಂಗಡಿಯಲ್ಲಿ ಅದನ್ನು ಕೇಳಿ ನಾನು ಅತ್ತುಬಿಟ್ಟೆ, ಮತ್ತೆ ಹುಚ್ಚಿ ಅಂದುಕೊಂಡರಲ್ಲಾ ಅಂತ. ಸಣ್ಣ ಡೋಸಿನಲ್ಲಿ ಅದು ನರದ ನೋವಿಗೆ ಕೊಡುವ ಮಾತ್ರೆ ಅಂತ ಬರೆದುಕೊಟ್ಟವರು ಒಂದು ಮಾತು ಹೇಳಬಹುದಿತ್ತು.

ಫಿಸಿಯೋಥೆರಪಿ ನನಗೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿತು. ನೋವಿಗೆ ಹೆದರಿ ವಸ್ತಿಕುಹರದ (ಸೊಂಟದ ಮೂಳೆಗಳ ನಡುವಿನ ಭಾಗ, ಪೆಲ್ವಿಸ್) ತಳದ ಸ್ನಾಯುಗಳು ಸದಾ ಬಿಗಿದುಕೊಂಡಿರುತ್ತವೆ. ಅವನ್ನು ಸಡಿಲ ಬಿಡಲು ಕಲಿಸಬೇಕು. ನನಗೆ ಮೊದಲು ಸಿಕ್ಕವರು ಕೆಗೆಲ್ ವ್ಯಾಯಾಮ ಹೇಳಿಕೊಟ್ಟರು, ಅಂದರೆ ಇನ್ನೂ ಬಿಗಿ ಹಿಡಿಯುವುದು! ಮೂರು ವಾರದಲ್ಲಿ ನೋವು ಇಮ್ಮಡಿಯಾಯಿತು. ಇದಾದ ಮೇಲೆ ನರದ ಬಳಿ ಕೊಡುವ ಇಂಜೆಕ್ಷನ್ ಇದೆ. ಅದು ಪರೀಕ್ಷೆಯೂ ಹೌದು, ಚಿಕಿತ್ಸೆಯೂ ಹೌದು. ಯಾವುದಕ್ಕೂ ನೋವು ಬಗ್ಗದವರಿಗೆ ಕೊನೆಗೆ ನರವನ್ನು ಬಿಡಿಸುವ ಶಸ್ತ್ರಚಿಕಿತ್ಸೆ. ಅದರಿಂದ ಎಲ್ಲರಿಗೂ ಗುಣವಾಗುತ್ತದೆ ಅಂತೇನಿಲ್ಲ.

ಹಾಗಾಗಿ ನಾನು ಕೇಳುತ್ತಿರುವುದು ದೊಡ್ಡ ಮೆಷಿನ್ ಅಲ್ಲ. ಹೊಸ ಕಟ್ಟಡವೂ ಅಲ್ಲ, ಉದ್ಘಾಟನೆ ತಪ್ಪಿತು ಅಂತ ಬೇಜಾರಾಗಬೇಡಿ. ಸ್ತ್ರೀರೋಗ, ಮೂತ್ರರೋಗ, ನರರೋಗ, ಗುದರೋಗ ಅಂತ ನಿಮ್ಮ ಇಲಾಖೆಯಲ್ಲಿ ಬೇರೆ ಬೇರೆ ಬಾಗಿಲುಗಳಿವೆ. ನಮ್ಮ ನೋವಿರುವುದು ಆ ಬಾಗಿಲುಗಳ ನಡುವಿನ ಓಣಿಯಲ್ಲಿ. ಪ್ರತಿಯೊಬ್ಬರೂ ತಮ್ಮ ಅಂಗ ಸರಿಯಿದೆ ಅಂತ ನೋಡಿ ಮುಂದಿನ ಬಾಗಿಲಿಗೆ ಕಳಿಸುತ್ತಾರೆ. ದೊಡ್ಡ ಆಸ್ಪತ್ರೆಗಳಲ್ಲಿ ವಾರಕ್ಕೆ ಒಂದು ದಿನ ಇವರೆಲ್ಲ ನೋವಿನ ತಜ್ಞರ ಜೊತೆ ಒಂದೇ ಕೋಣೆಯಲ್ಲಿ ಸಿಗುವ ಹಾಗೆ ಮಾಡಿ. ಈ ಸ್ನಾಯುಗಳ ಕೆಲಸ ಕಲಿತ ಮಹಿಳಾ ಫಿಸಿಯೋಥೆರಪಿಸ್ಟ್ ಒಬ್ಬರಾದರೂ ಅಲ್ಲಿರಲಿ. ಚಿಕ್ಕ ಆಸ್ಪತ್ರೆಗಳ ಡಾಕ್ಟರುಗಳಿಗೆ ಒಂದು ಹಾಳೆ ಕಳಿಸಿ: ಹೆಂಗಸು ಉರಿ ಅಂದರೆ, ಕಲ್ಚರ್ ರಿಪೋರ್ಟಿನಲ್ಲಿ ಸೋಂಕು ಇಲ್ಲದಿದ್ದರೆ, ಕೂತಾಗ ಹೆಚ್ಚಾಗುತ್ತದೆಯೇ ಅಂತ ಕೇಳಿ. ಅಷ್ಟೇ. ಒಳಗಿನ ಪರೀಕ್ಷೆಗೆ ಮುಂಚೆ ಏನು ಮಾಡುತ್ತೇವೆ ಅಂತ ಹೇಳಿ, ಒಪ್ಪಿಗೆ ಕೇಳಿ ಅಂತಲೂ ಸೇರಿಸಿ. ನೋವಿರುವ ಜಾಗಕ್ಕೆ ಹೇಳದೆ ಕೈ ಹಾಕಿದವರನ್ನು ನಾನು ಮರೆತಿಲ್ಲ.

ದಾಖಲೆಯ ವಿಷಯವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಮೂರು ತಿಂಗಳಿಗಿಂತ ಹೆಚ್ಚು ಕಾಡುವ ನೋವಿಗೆ ಅದರಲ್ಲಿ ತನ್ನದೇ ಸಂಕೇತ ಇದೆ, ನರದ ನೋವಿಗೆ ಬೇರೆಯೇ ಒಂದು. ನಮ್ಮ ಚೀಟಿಗಳ ಮೇಲೆ ಅದನ್ನು ಬರೆಸಿ. ಎಣಿಕೆಗೆ ಸಿಗದವರಿಗೆ ಬಜೆಟ್ಟಿನಲ್ಲೂ ಜಾಗ ಸಿಗುವುದಿಲ್ಲ ಅಲ್ವಾ? ನಿಂತು ಕೆಲಸ ಮಾಡಲು ಅನುಮತಿ ಕೇಳುವ ಹೆಂಗಸಿಗೂ ತೋರಿಸಲು ಒಂದು ಕಾಗದ ಆಗುತ್ತದೆ. ನನ್ನ ಹತ್ತಿರ ಅಂಥ ಕಾಗದ ಇರಲಿಲ್ಲ. ಕೆಲಸ ಬಿಟ್ಟೆ.

ಕಳೆದ ತಿಂಗಳು ಆಸ್ಪತ್ರೆಯ ಬೆಂಚಿನಲ್ಲಿ ಒಬ್ಬ ಹುಡುಗಿ ಒಂದೇ ಮಗ್ಗುಲಿಗೆ ವಾಲಿ, ಕೈ ಊರಿ ಕೂತಿದ್ದಳು. ನೋಡಿದ ತಕ್ಷಣ ಗೊತ್ತಾಯಿತು. ಹತ್ತಿರ ಹೋಗಿ "ಕೂತರೆ ಉರಿಯುತ್ತಾ?" ಅಂದೆ. ಅವಳು ಎದ್ದು ನಿಂತು ನನ್ನ ಕೈ ಹಿಡಿದುಕೊಂಡಳು. ಹೆರಿಗೆಯಾಗಿ ಹದಿನಾಲ್ಕು ತಿಂಗಳಾಗಿತ್ತಂತೆ. ಆ ದಿನ ಅವಳನ್ನು ಕಳಿಸಿದ್ದು ಪೈಲ್ಸ್ ವಿಭಾಗಕ್ಕೆ.

ಈ ಬಗ್ಗೆ ನೀವು ಸಭೆ ಕರೆದರೆ ಬರುತ್ತೇನೆ. ಆ ಹುಡುಗಿಯೂ ಬರುತ್ತೇನೆ ಅಂದಿದ್ದಾಳೆ. ನಿಂತುಕೊಂಡೇ ಮಾತಾಡಲು ಮಾತ್ರ ಅವಕಾಶ ಕೊಡಿ.

ಇಂತಿ,
ಆರು ವರ್ಷಗಳಿಂದ ನಿಂತೇ ಇರುವ ಒಬ್ಬ ರೋಗಿ