ಹಳಿ ಮೊದಲು, ಊರು ಆಮೇಲೆ

ಪ್ರೀತಿಯ ಅಪ್ಪನಿಗೆ,

ನಮಸ್ಕಾರ. ಅಮೆರಿಕದ ಈ ನೆಬ್ರಾಸ್ಕಾದಲ್ಲಿ ಮುಸುಕಿನ ಜೋಳ ಬಿಟ್ಟರೆ ಇನ್ನೇನಿದೆ ಅಂತ ಫೋನಿನಲ್ಲಿ ಕೇಳಿದಿರಲ್ಲ, ರೈಲಿದೆ! ಅರಸೀಕೆರೆ ಜಂಕ್ಷನ್ನಿನಲ್ಲಿ ಅಷ್ಟು ವರ್ಷ ಗೂಡ್ಸ್ ಗಾಡಿ ನೋಡಿಕೊಂಡವರು ನೀವು, ನಿಮಗೆ ಬರೆಯದೆ ಇನ್ಯಾರಿಗೆ ಬರೆಯಲಿ.

ನಮ್ಮ ಕಡೆ ಊರಿದ್ದಲ್ಲಿಗೆ ರೈಲು ಬಂತು, ಅಲ್ವಾ? ಇಲ್ಲಿ ಹಳಿ ಮೊದಲು ಬಿತ್ತು, ಊರು ಆಮೇಲೆ ಹುಟ್ಟಿತು. ಲಿಂಕನ್ ನಗರ ದಾಟಿ ಪಶ್ಚಿಮಕ್ಕೆ ಹೋದರೆ ಕ್ರೀಟ್, ಡಾರ್ಚೆಸ್ಟರ್, ಎಕ್ಸೆಟರ್, ಫೇರ್‌ಮಾಂಟ್, ಗ್ರಾಫ್ಟನ್, ಹಾರ್ವರ್ಡ್ ಸಿಗುತ್ತವೆ. ನಡುವೆ ಒಂದೆರಡು ಬೇರೆ ಹೆಸರೂ ಇವೆ, ಆದರೆ ಬರ್ಲಿಂಗ್ಟನ್ ರೈಲು ಕಂಪನಿ ಶಾಲೆಯ ಹಾಜರಿ ಪುಸ್ತಕದ ಹಾಗೆ ಇಂಗ್ಲಿಷ್ ಅಕ್ಷರದ ಸಾಲಿನಲ್ಲೇ ಹೆಸರಿಟ್ಟುಕೊಂಡು ಹೋಗಿದೆ. ರೈತ ಗಾಡಿಯಲ್ಲಿ ಕಾಳು ತಂದು ಹಾಕಿ ಕತ್ತಲಾಗುವುದರೊಳಗೆ ಮನೆ ಸೇರಬೇಕು, ಅಷ್ಟು ದೂರಕ್ಕೊಂದು ಸ್ಟೇಷನ್.

ಇದೆಲ್ಲ ಸುಮ್ನೆ ಮಾಡಿದ್ದಲ್ಲ. 1860ರ ದಶಕದಲ್ಲಿ ಸರ್ಕಾರ ಹಳಿ ಹಾಕಿದ ಕಂಪನಿಗಳಿಗೆ ಅಕ್ಕಪಕ್ಕದ ಜಮೀನನ್ನೇ ಕೊಟ್ಟಿತು, ಒಂದು ಚದರ ಮೈಲಿ ಬಿಟ್ಟು ಒಂದು ಚದರ ಮೈಲಿ. ಉಳಿದದ್ದರಲ್ಲಿ 1862ರ ಕಾಯ್ದೆಯಂತೆ, ಐದು ವರ್ಷ ಅಲ್ಲೇ ಇದ್ದು ಉತ್ತವರಿಗೆ 160 ಎಕರೆವರೆಗೆ ಹೆಚ್ಚುಕಡಿಮೆ ಪುಕ್ಕಟೆ. ಜನ ಬಾರದಿದ್ದರೆ ಕಂಪನಿಯ ಜಮೀನಿಗೂ ಬೆಲೆಯಿಲ್ಲ, ಗಾಡಿಗೂ ಲೋಡಿಲ್ಲ. ಅದಕ್ಕೇ ಯುರೋಪಿಗೆ ಏಜೆಂಟರನ್ನು ಕಳಿಸಿ ರೈತರನ್ನು ಕರೆತಂದರು. ಜಮೀನು ಖಾಲಿ ಬಿದ್ದಿತ್ತು ಅಂದುಕೊಳ್ಳಬೇಡಿ ಅಪ್ಪ. ಇದು ಪಾನಿ ಮತ್ತು ಬೇರೆ ಮೂಲನಿವಾಸಿಗಳ ನಾಡು. ಪಾನಿಗಳು 1870ರ ದಶಕದಲ್ಲಿ ಈಗಿನ ಓಕ್ಲಹೋಮಾಗೆ ಹೊರಡಬೇಕಾಯಿತು. ಊರೂರಿನ ಬೋರ್ಡಿನಲ್ಲಿ ಮೊದಲು ಬಂದು ನೆಲೆಸಿದವರ ಗುಣಗಾನ ಓದುವಾಗ ನನಗೆ ಅದೇ ನೆನಪಾಗುತ್ತದೆ.

ಇಲ್ಲಿನ ದನ, ಕಾಳು ಚಿಕಾಗೋಗೆ ಹೋಗುತ್ತಿತ್ತು. ಮರವೇ ಇಲ್ಲದ ಈ ಬಯಲಿಗೆ ಮನೆ ಕಟ್ಟುವ ಹಲಗೆ ಕೂಡ ಅಲ್ಲಿಂದಲೇ ಬರುತ್ತಿತ್ತು. ಅತ್ತ ಪಿಟ್ಸ್‌ಬರ್ಗ್ ಹತ್ತಿರ ಕಾರ್ನೆಗಿ ಎಂಬ ಉದ್ಯಮಿ 1875ರಲ್ಲಿ ಶುರುಮಾಡಿದ ಉಕ್ಕಿನ ಕಾರ್ಖಾನೆಯ ಮುಖ್ಯ ಮಾಲೇ ರೈಲು ಹಳಿ. ಆದರೆ ಊರಿಗೆ ಒಂದೇ ಲೈನ್ ಇದ್ದ ಕಡೆ ಕಂಪನಿ ಹೇಳಿದ್ದೇ ಬಾಡಿಗೆ. ರೈತರು ಬಹಳ ವರ್ಷ ಕೂಗಾಡಿದ ಮೇಲೆ, 1887ರಲ್ಲಿ ಕೇಂದ್ರ ಸರ್ಕಾರ ಕಾನೂನು ತಂದಿತು.

ಈಗಲೂ ವಯೋಮಿಂಗ್ ರಾಜ್ಯದ ಕಲ್ಲಿದ್ದಲಿನ ಗಾಡಿ ಬಂದರೆ ನೂರಕ್ಕೂ ಜಾಸ್ತಿ ವ್ಯಾಗನ್, ಗೇಟಿನಲ್ಲಿ ಕಾದು ಕಾದು ಸಾಕಾಗುತ್ತದೆ. ಪ್ಯಾಸೆಂಜರ್ ರೈಲು ಮಾತ್ರ ಆ ಕಡೆಗೊಂದು, ಈ ಕಡೆಗೊಂದು, ಅದೂ ನಡುರಾತ್ರಿ. ನೀವು ಬಂದಾಗ ಅದರಲ್ಲೇ ಡೆನ್ವರ್‌ಗೆ ಹೋಗೋಣ. ನಿದ್ದೆ ಕೆಡುತ್ತದೆ ಅಂತ ಅಮ್ಮ ಗೊಣಗಬಹುದು, ನೀವೇ ಒಪ್ಪಿಸಿ.

ನಿಮ್ಮ ಮಗಳು