1795ರ ಪ್ರತಿ ಎಂದು ಮಾರಿ ಮರುಮುದ್ರಣ ಕಳಿಸಿದ್ದೀರಿ: ಹಣ ವಾಪಸ್ ಕೋರಿ ದೂರು

ಗೆ,
ದೂರು ಅಧಿಕಾರಿಯವರು,
ಆನ್‌ಲೈನ್ ಹಳೆ ಪುಸ್ತಕ ಮಳಿಗೆ

ಮಾನ್ಯರೇ,

ಗೋಲ್ಡ್‌ಸ್ಮಿತ್ ಮತ್ತು ಪಾರ್ನೆಲ್ ಅವರ ಕವಿತೆಗಳ ಪುಸ್ತಕವನ್ನು ನಿಮ್ಮಿಂದ ತರಿಸಿಕೊಂಡೆ. 1795ರಲ್ಲಿ ಲಂಡನ್ನಿನ ವಿಲಿಯಂ ಬುಲ್ಮರ್ ಅಚ್ಚು ಹಾಕಿದ ಮೂಲ ಪ್ರತಿ, ಚಿತ್ರಗಳೆಲ್ಲ ಮರದ ಅಚ್ಚಿನವು ಎಂದು ಬರೆದಿದ್ದಿರಿ. ಅದನ್ನು ನಂಬಿಯೇ ಅಷ್ಟು ಬೆಲೆ ಕೊಟ್ಟೆ. ಬಂದಿರುವುದು ಈಚಿನ ಮರುಮುದ್ರಣ. ಹಳೆಯದರಂತೆ ಕಾಣಲಿ ಎಂದು ಚರ್ಮದ ರಟ್ಟು ಹಾಕಿದ್ದಾರೆ.

ಸುಮ್ನೆ ಅನುಮಾನದ ಮೇಲೆ ಹೇಳುತ್ತಿಲ್ಲ. ಭೂತಗನ್ನಡಿ ಹಿಡಿದರೆ ಚಿತ್ರದ ತುಂಬ ಸಾಲುಸಾಲು ಚುಕ್ಕಿಗಳು. ಫೋಟೊ ತೆಗೆದು ಮುದ್ರಿಸಿದಾಗ ಬರುವ ಚುಕ್ಕಿಗಳು ಇವು. 1795ರಲ್ಲಿ ಫೋಟೊ ಎಲ್ಲಿತ್ತು? ಮರದ ಅಚ್ಚನ್ನು ಅಕ್ಷರದ ಮೊಳೆಗಳ ಜೊತೆಗೇ ಒತ್ತುತ್ತಿದ್ದರು. ಹಾಳೆಯ ಹಿಂಬದಿ ಬೆರಳಾಡಿಸಿದರೆ ಒತ್ತಿದ ಗುರುತು ಸಾಮಾನ್ಯವಾಗಿ ಸಿಗುತ್ತದೆ. ಇಲ್ಲಿ ಒಂದು ಪುಟದಲ್ಲೂ ಇಲ್ಲ. ಇನ್ನು ನೇರಳಾತೀತ ದೀಪ ಹಿಡಿದರೆ ಕಾಗದ ನೀಲಿಯಾಗಿ ಹೊಳೆಯುತ್ತದೆ. ಕಾಗದ ಬೆಳ್ಳಗೆ ಕಾಣಲೆಂದು ಬೆರೆಸುವ ಆ ರಾಸಾಯನಿಕ ಬಂದದ್ದೇ 20ನೇ ಶತಮಾನದಲ್ಲಿ. ಬುಲ್ಮರ್ ಬಳಸಿದ್ದು ಆ ರಾಸಾಯನಿಕವಿಲ್ಲದ, ಕೈಯಿಂದ ಮಾಡಿದ ವಾಟ್‌ಮನ್ ಕಾಗದ.

"ಕವಿತೆ ಅದೇ, ಚಿತ್ರವೂ ಅದೇ, ಮತ್ತೇನು?" ಎಂದು ನಿಮ್ಮವರು ಫೋನಿನಲ್ಲಿ ಕೇಳಿದರು. ನನಗೆ ಜಾಸ್ತಿ ಬೇಸರವಾಗಿದ್ದು ಆ ಮಾತಿಗೆ. ಕವಿತೆಯಷ್ಟೇ ಸಾಕಿದ್ದರೆ ಅಗ್ಗದ ಪ್ರತಿ ಸಿಗುತ್ತಿತ್ತು, ಅಲ್ವಾ? ನಾನು ಹಣ ಕೊಟ್ಟಿದ್ದು ಈ ಪುಸ್ತಕದ ಚಿತ್ರಗಳನ್ನು ಕೊರೆದ ಥಾಮಸ್ ಮತ್ತು ಜಾನ್ ಬ್ಯೂಯಿಕ್ ಅಣ್ಣತಮ್ಮಂದಿರ ಕೆಲಸಕ್ಕೆ. ಗಟ್ಟಿ ಬಾಕ್ಸ್‌ವುಡ್ ಮರವನ್ನು ಅಡ್ಡಕ್ಕೆ ಕೊಯ್ದು, ಆ ಮುಖದ ಮೇಲೆ ಕೂದಲೆಳೆಯಂಥ ಗೆರೆ ಕೊರೆದು ಎಲೆ, ಹುಲ್ಲು, ನೀರು ಮೂಡಿಸಿದವರು ಅವರು. ಇದು ಮರದ ಕೆಲಸವೆಂದು ನಂಬಲಾಗದೆ ಇಂಗ್ಲೆಂಡಿನ ದೊರೆ ಮೂರನೇ ಜಾರ್ಜ್ ಆ ಅಚ್ಚುಗಳನ್ನೇ ತರಿಸಿ ನೋಡಿದ ಎಂಬ ಕತೆಯಿದೆ. ತಮ್ಮ ಜಾನ್ ಪುಸ್ತಕ ಬಂದ 1795ರಲ್ಲೇ ತೀರಿಕೊಂಡ. ಆ ಅಚ್ಚು ನೇರವಾಗಿ ತಾಗಿದ ಹಾಳೆಯನ್ನು ಕೈಯಲ್ಲಿ ಹಿಡಿಯಬೇಕೆಂದೇ ಇಂಥ ಪುಸ್ತಕಗಳನ್ನು ಹುಡುಕುತ್ತೇವೆ.

ಪುಸ್ತಕದ ಪೂರ್ತಿ ಬೆಲೆ ಮತ್ತು ಸಾಗಣೆ ವೆಚ್ಚ ವಾಪಸ್ ಕೊಡಿ. ನಿಮ್ಮ ಖರ್ಚಿನಲ್ಲೇ ಕೊರಿಯರ್‌ನವರನ್ನು ಕಳಿಸಿ ಪುಸ್ತಕ ತೆಗೆದುಕೊಂಡು ಹೋಗಿ. ಅದೇ ವಿವರಣೆಯ ಇನ್ನೊಂದು ಪ್ರತಿ ಈಗಲೂ ನಿಮ್ಮಲ್ಲಿ ಮಾರಾಟಕ್ಕಿದೆ. ದಯವಿಟ್ಟು ಮೊದಲು ಅದನ್ನು ತೆಗೆಯಿರಿ. ಇನ್ನೊಬ್ಬರು ಮೋಸ ಹೋಗುವುದು ಬೇಡ.

ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದ ಸರಕನ್ನು ವಾಪಸ್ ಪಡೆಯಲು ಮಾರುವವರು ನಿರಾಕರಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳೇ ಹೇಳುತ್ತವೆ. ದೂರು ತಲುಪಿದ್ದಕ್ಕೆ 48 ಗಂಟೆಯೊಳಗೆ ಉತ್ತರ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕೆಂದೂ ಅದರಲ್ಲಿದೆ. ಹಾಗಾಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೂ, ಆಮೇಲೆ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ. ಚುಕ್ಕಿಗಳು ಕಾಣುವ ಫೋಟೊ, ನಿಮ್ಮ ವಿವರಣೆಯ ಪ್ರತಿ ಮತ್ತು ಬಿಲ್ ಲಗತ್ತಿಸಿದ್ದೇನೆ.

ಇಂತಿ,
ಬೆಂಗಳೂರಿನ ನಿಮ್ಮ ಗ್ರಾಹಕ